ಮೇಣ ಕುಡಿದ ಸುರುಳಿ

ಮಹಾನಂದಾಳ ಬಲಗೈಯ ಎರಡು ಬೆರಳು ಮಡಚುವುದಿಲ್ಲ. ನಡುಬೆರಳು, ಉಂಗುರದ ಬೆರಳು ಎರಡೂ ಸದಾ ಏನನ್ನೋ ತೋರಿಸುವಂತೆ ನೆಟ್ಟಗೆ ನಿಂತಿರುತ್ತವೆ. ಹುನಗುಂದದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿರುವ ವೈಂಡಿಂಗ್ ಅಂಗಡಿಗೆ ಸುಟ್ಟ ಮೋಟಾರ್ ಹೊತ್ತು ತರುವ ಹೊಸ ಗಿರಾಕಿಗಳು ಮೊದಲು ಆ ಬೆರಳು ನೋಡುತ್ತಾರೆ, ಆಮೇಲೆ ಅವಳ ಮುಖ ನೋಡುತ್ತಾರೆ, ಆಮೇಲೆ ಒಳಗೆ ಯಾರಾದರೂ ಗಂಡಸರು ಇದ್ದಾರೇನೋ ಎಂದು ಇಣುಕುತ್ತಾರೆ.

"ಏನ್ ಸುಟ್ಟೈತ್ರಿ? ಇಲ್ಲೇ ಇಡ್ರಿ. ನಾನ ಮಾಡಾಕಿ," ಎನ್ನುತ್ತಾಳೆ ಮಹಾನಂದಾ.

ಅವಳು ಇಳಕಲ್ಲಿನ ನೇಕಾರರ ಮನೆಯ ಹುಡುಗಿ. ಅಪ್ಪ ಶಿವಸಂಗಪ್ಪ ಕುಣಿ ಮಗ್ಗದಲ್ಲಿ ಕೂತು ಸೀರೆ ನೇಯುವವನು. ಅವ್ವ ಅಂಬವ್ವ ರಾಟಿಯ ಮುಂದೆ ಸಣ್ಣ ಕೊಳವೆಯಂಥ ಕಂಡಿಕೆಗೆ ನೂಲು ಸುತ್ತುವವಳು. ಇಳಕಲ್ ಸೀರೆಗೆ ಒಡಲಿನ ಉದ್ದೆಳೆಯ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಎರಡನ್ನೂ ಮಗ್ಗದ ಮೇಲೆಯೇ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸಬೇಕು. ಆ ಕೊಂಡಿ ಹಾಕುವ ಕೆಲಸದಲ್ಲಿ ಮಹಾನಂದಾಳ ಕೈ ಓಣಿಯಲ್ಲೇ ಚುರುಕಾಗಿತ್ತು. ಅಕ್ಕಪಕ್ಕದ ಮನೆಯವರೂ ಸೆರಗು ಕೂಡಿಸುವ ಹೊತ್ತಿಗೆ ಅವಳನ್ನೇ ಕರೆಯುತ್ತಿದ್ದರು.

ಆಮೇಲೆ ಶಿವಸಂಗಪ್ಪ ಹಿತ್ತಲಿನ ಶೆಡ್ಡಿನಲ್ಲಿ ಒಂದು ಪವರ್‌ಲೂಮ್ ಹಾಕಿಸಿದ. ಒಂದು ಬೆಳಗ್ಗೆ ಮಹಾನಂದಾ ಅದರ ಕೆಳಗೆ ಬಿದ್ದ ಕಂಡಿಕೆ ತೆಗೆಯಲು ಬಗ್ಗಿದಾಗ ಬೆಲ್ಟು ಅವಳ ಕೈಯನ್ನು ಎಳೆದುಕೊಂಡಿತು. ಕೈ ಸಿಕ್ಕಿಕೊಂಡಿತು, ಬೆಲ್ಟು ನಿಂತಿತು, ಮೋಟಾರ್ ಮಾತ್ರ ತಿರುಗಲಾರದೆ ಗುಂಯ್ ಎನ್ನುತ್ತಲೇ ಇತ್ತು. ಶಿವಸಂಗಪ್ಪ ಓಡಿಬಂದು ಸ್ವಿಚ್ ಆರಿಸುವಷ್ಟರಲ್ಲಿ ಶೆಡ್ಡಿನ ತುಂಬ ಸುಟ್ಟ ವಾಸನೆ. ಬಾಗಲಕೋಟೆಯ ದವಾಖಾನೆಯಲ್ಲಿ ಕೈ ಉಳಿಯಿತು, ಎರಡು ಬೆರಳು ಮಾತ್ರ ಮಡಚುವುದನ್ನು ಮರೆತವು.

ಕೊಂಡಿ ಹಾಕಲು ಆ ಬೆರಳುಗಳೇ ಬೇಕು. ಕೈಯ ಬ್ಯಾಂಡೇಜು ಬಿಚ್ಚಿದ ಮೇಲೆ ಅವಳು ಸೆರಗಿನ ಎಳೆ ಹಿಡಿದು ಕೂತಳು, ಆಗಲಿಲ್ಲ. ಮರುದಿನವೂ ಕೂತಳು. ಆಮೇಲೆ ಮಗ್ಗದ ಕೋಣೆಗೆ ಹೋಗುವುದನ್ನೇ ಬಿಟ್ಟಳು. ಶಿವಸಂಗಪ್ಪನೂ ಪವರ್‌ಲೂಮಿನ ಶೆಡ್ಡಿಗೆ ಕೀಲಿ ಹಾಕಿದ. ಕೊನೆಗೆ ಅಂಬವ್ವನೇ ಬೇಸತ್ತು ಹೇಳಿದಳು: "ಮೋಟಾರ್‌ ಸುಟ್ರ ಸುತ್ತಿಸಿಕೊಂಡ್ ಬರ್ರಿ. ಅದರ ಮ್ಯಾಲ ಸಿಟ್ಟು ಮಾಡಿದ್ರ ಈಕಿ ಕೈ ನೆಟ್ಟಗಾಗ್ತೈತೇನು? ಮಗಳ್ನೂ ಕರಕೊಂಡ್ ಹೋಗ್ರಿ, ನಾಕ್ ಮಂದಿ ಮುಖ ನೋಡ್ಲಿ."

ಇಳಕಲ್ಲಿನ ವೈಂಡಿಂಗ್‌ನವನ ಹತ್ತಿರ ಸರದಿ ಉದ್ದವಿತ್ತು. ಅಪ್ಪ ಮಗಳು ಮೋಟಾರನ್ನು ಚೀಲಕ್ಕೆ ಹಾಕಿ ಹುನಗುಂದದ ಬಸ್ಸು ಹತ್ತಿದರು.

ಅಲ್ಲಿ ಅಂಗಡಿಯಲ್ಲಿದ್ದವಳು ಮೆಹರುನ್ನಿಸಾ. ಗಂಡ ದಾವಲಸಾಬ ತೀರಿಕೊಂಡ ಮೇಲೆ ಅಂಗಡಿ ನಡೆಸುತ್ತಿದ್ದವಳು ಅವಳೇ. ತಲೆಯ ಮೇಲೆ ಸೆರಗು, ಮೂಗಿನ ತುದಿಗೆ ಜಾರಿದ ಕನ್ನಡಕ, ಕೈಯಲ್ಲಿ ತಾಮ್ರದ ತಂತಿ. ಮೋಟಾರಿನ ಹೊಟ್ಟೆಯೊಳಗಿನ ಕರಿಗಟ್ಟಿದ ಸುರುಳಿಗಳನ್ನು ನೋಡಿದಳು, ಆಮೇಲೆ ಹುಡುಗಿಯ ಕೈ ನೋಡಿದಳು.

"ಎರಡೂ ಒಂದ ದಿನದ್ದೇನು?"

ಶಿವಸಂಗಪ್ಪ ತಲೆ ತಗ್ಗಿಸಿದ. ಮೆಹರುನ್ನಿಸಾ ಹೆಚ್ಚು ಕೇಳಲಿಲ್ಲ. ಬೇರೆ ಮೋಟಾರಿಗೆ ಸುರುಳಿ ಸುತ್ತುತ್ತಿದ್ದವಳು ಆ ಕೆಲಸಕ್ಕೇ ಮರಳಿದಳು. ಎಡಗೈಯಿಂದ ಸುತ್ತುವ ಯಂತ್ರದ ಹಿಡಿಕೆ ತಿರುಗಿಸುತ್ತ, ಬಲಗೈಯ ಬೆರಳ ಸಂದಿಯಿಂದ ತಂತಿ ಹಾಯಿಸುತ್ತಿದ್ದಳು. ಸುತ್ತಿನ ಪಕ್ಕ ಸುತ್ತು, ಒಂದರ ಮೇಲೊಂದು ಹತ್ತದಂತೆ ಕೂರುತ್ತಿತ್ತು. ಹುಟ್ಟಿದಾಗಿನಿಂದ ಕಂಡಿಕೆ ನೋಡಿ ಬೆಳೆದ ಮಹಾನಂದಾ ತನಗೇ ತಿಳಿಯದಂತೆ ಹತ್ತಿರ ಸರಿದಳು.

"ಬಾ, ಕೂಡು. ಹಿಡಿ."

"ನನ್ನ ಕೈ ಹಿಂಗಾಗೇತ್ರಿ ಚಾಚಿ."

"ಕಂಡೇನಿ. ಮಡಚಂಗಿಲ್ಲ, ಹೌದಿಲ್ಲೋ? ತಂತಿ ಹಾಯಾಕ ಮಡಚೋದು ಯಾಕ ಬೇಕು? ಎರಡರ ನಡುವ ಹಾಯಿಸಿ ಬಿಡು. ಬಿಗಿ ಹಿಡದ್ರ ಹರೀತೈತಿ, ಸಡ್ಲ ಬಿಟ್ರ ಗೊಂಡೆ ಆಗ್ತೈತಿ. ಅಷ್ಟ."

ತಂತಿ ಹರಿಯಿತು. ಮತ್ತೆ ಹಿಡಿದಳು, ಮತ್ತೆ ಹರಿಯಿತು. ಆಮೇಲೆ ಹರಿಯಲಿಲ್ಲ. ಶಿವಸಂಗಪ್ಪ ಚಹಾ ಕುಡಿದು ಬಂದಾಗ ಅವನ ಮಗಳು ಹಿಡಿಕೆ ತಿರುಗಿಸುತ್ತಿದ್ದಳು. ಅಪಘಾತವಾದ ಮೇಲೆ ಮೊದಲ ಸಲ ಅವಳ ಮುಖದಲ್ಲಿ ಕೆಲಸದ ಗೀರು ಕಂಡಿತು, ಹುಬ್ಬುಗಳ ನಡುವೆ, ಕೊಂಡಿ ಹಾಕುವಾಗ ಬರುತ್ತಿದ್ದದ್ದು.

"ಈಕಿನ್ನ ನನ್ನ ಹತ್ರ ಕಳಸ್ರಿ," ಎಂದಳು ಮೆಹರುನ್ನಿಸಾ. "ನನ್ನ ಕಣ್ಣು ಮೊದಲಿನಂಗ ಇಲ್ಲ. ನನಗೂ ಒಂದ್ ಆಸರ ಬೇಕು."

ಶಿವಸಂಗಪ್ಪ ಮಗಳನ್ನು ಕರೆದುಕೊಂಡು ಇಳಕಲ್ ಬಸ್ಸು ಹತ್ತಿದ. ಮನೆಗೆ ಬಂದು ಹೇಳಿದಾಗ ಅಂಬವ್ವ ಕಣ್ಣೊರೆಸಿಕೊಂಡು, "ಆಕಿ ಹೊಟ್ಟಿ ತಣ್ಣಗಿರ್ಲಿ," ಎಂದಳು. ಮಾತು ಮುಗಿಯಿತು.

ಹಾಗೆ ಮಹಾನಂದಾ ದಿನಾ ಇಳಕಲ್ಲಿನಿಂದ ಬಸ್ಸಿನಲ್ಲಿ ಬರತೊಡಗಿದಳು. ಮೋಟಾರು ಬಿಚ್ಚುವುದು, ಸುಟ್ಟ ತಂತಿ ಕೀಳುವುದು, ಹೊಸ ಸುರುಳಿ ಸುತ್ತಿ ಕೂಡಿಸುವುದು, ವಾರ್ನಿಷ್ ಹಚ್ಚಿ ಒಣಗಿಸುವುದು, ಎಲ್ಲ ಕಲಿತಳು. ಮೆಹರುನ್ನಿಸಾ ಬೈಯುತ್ತಿದ್ದಳು, ಆದರೆ ಊಟದ ಡಬ್ಬಿ ಬಿಚ್ಚುವಾಗ ಬೈದದ್ದನ್ನು ಮರೆತುಬಿಡುತ್ತಿದ್ದಳು. ಕೆಟ್ಟ ಸುತ್ತನ್ನು ಬಿಚ್ಚಿಸಿ ಮತ್ತೆ ಸುತ್ತಿಸುವಾಗಲೂ ಒಮ್ಮೆಯೂ ಅವಳ ಬೆರಳಿನ ಮಾತು ಎತ್ತಲಿಲ್ಲ. ಮಹಾನಂದಾ ಇವತ್ತಿಗೂ ನೆನೆಯುವುದು ಅದನ್ನೇ. ಕರುಣೆ ತೋರಿಸುವವರು ಇಳಕಲ್ಲಿನ ತುಂಬ ಇದ್ದರು. ಕೆಲಸ ಕೆಟ್ಟಿತು ಎಂದು ಬೈದವಳು ಇವಳೊಬ್ಬಳೇ.

ಹೇಗೆ ಎಂಬುದನ್ನೆಲ್ಲ ಮೆಹರುನ್ನಿಸಾ ಕಲಿಸಿದಳು. ಯಾಕೆ ಎಂದು ಕೇಳಿದರೆ ಮಾತ್ರ, "ಕರೆಂಟಿನ ಗುಣ ಹಂಗ," ಎಂದುಬಿಡುತ್ತಿದ್ದಳು.

ಯಾಕೆ ಎಂಬುದನ್ನು ಹೇಳಿಕೊಟ್ಟವಳು ಪ್ರಿಯದರ್ಶಿನಿ. ಬಾದಾಮಿಯ ಕಡೆಯವಳು, ಬಾಗಲಕೋಟೆಯ ಡಿಪ್ಲೊಮಾ ಕಾಲೇಜೊಂದರಲ್ಲಿ ಎಲೆಕ್ಟ್ರಿಕಲ್ ಪಾಠ ಹೇಳುವ ಟೀಚರ್. ಹುನಗುಂದದಲ್ಲಿ ಅವಳ ಅಕ್ಕನ ಮನೆ. ಒಮ್ಮೆ ಬಂದವಳು ಕಾಲೇಜಿನಲ್ಲಿ ಎಸೆಯಲಿಟ್ಟಿದ್ದ ಮುಳ್ಳಿನ ಮೀಟರುಗಳನ್ನು ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಅಂಗಡಿಗೆ ತಂದು, "ಬಿಚ್ಚಿ ನೋಡ್ರಿ, ಏನಾರ ಉಪಯೋಗಕ್ಕ ಬಂದ್ರ ಇಟ್ಕೊರ್ರಿ," ಎಂದು ಕೊಟ್ಟಳು.

ಮಹಾನಂದಾ ಅಲ್ಲೇ ಒಂದನ್ನು ಬಿಚ್ಚಿದಳು. ಒಳಗೆ ಲಾಳದಂಥ ಅಯಸ್ಕಾಂತ. ಅದರ ಎರಡು ತುದಿಗಳ ನಡುವೆ ಹುಣಸೆ ಬೀಜದಷ್ಟು ಚಿಕ್ಕ ಚೌಕಟ್ಟು. ಚೌಕಟ್ಟಿಗೆ ಕೂದಲೆಳೆಗಿಂತ ತೆಳುವಾದ ತಾಮ್ರ ಸುತ್ತಿತ್ತು, ಅದಕ್ಕೇ ಮುಳ್ಳು ಅಂಟಿಕೊಂಡಿತ್ತು. ಮೇಲೊಂದು ಕೆಳಗೊಂದು ಕೈಗಡಿಯಾರದೊಳಗಿನಂಥ ಸಣ್ಣ ಸ್ಪ್ರಿಂಗು. ಅವಳು ಉಸಿರು ಬಿಗಿ ಹಿಡಿದು ನೋಡಿದಳು.

"ಇಷ್ಟು ಸಣ್ಣ ಸುರುಳಿ! ಕರೆಂಟು ಹರದ್ರ ಇದು ಯಾಕ ಹೊಳ್ಳಿ ತಿರಗತೈತ್ರಿ ಟೀಚರ್?"

ಪ್ರಿಯದರ್ಶಿನಿ ಹೊರಟವಳು ಕೂತಳು. ಒಂದು ಮೊಳೆಗೆ ತಂತಿ ಸುತ್ತಿ, ಎರಡು ತುದಿಗಳನ್ನು ಬ್ಯಾಟರಿಗೆ ಮುಟ್ಟಿಸಿ, ಮೇಜಿನ ಮೇಲಿನ ಗುಂಡುಸೂಜಿಗಳನ್ನು ಎತ್ತಿ ತೋರಿಸಿದಳು. ತಂತಿ ತೆಗೆದ ಕೂಡಲೇ ಸೂಜಿಗಳು ಉದುರಿದವು.

"ತಂತಿಯೊಳಗ ಕರೆಂಟು ಹರದ್ರ ತಂತಿನೂ ಅಯಸ್ಕಾಂತ ಆಗ್ತೈತಿ ನೋಡವಾ. ಒಂದ ಎಳಿ ಇದ್ರ ಬಲ ಇಲ್ಲ. ಸುರುಳಿ ಮಾಡಿದ್ರ ಒಂದೊಂದು ಸುತ್ತಿನ ಬಲ ಕೂಡಿ ಜೋರಾಗ್ತೈತಿ. ಎರಡು ಅಯಸ್ಕಾಂತ ಹತ್ರ ಬಂದ್ರ ನೂಕ್ಯಾಡತಾವಲ್ಲ, ಹಂಗ ಈ ಸುರುಳಿ ಹೊಳ್ಳಾಕ ನೋಡ್ತೈತಿ. ಸ್ಪ್ರಿಂಗು ಹಿಂದಕ್ಕ ಜಗ್ಗತೈತಿ. ಕರೆಂಟು ಎಷ್ಟು ಜೋರೋ ಮುಳ್ಳು ಅಷ್ಟು ಮುಂದ ಹೋಗಿ ನಿಂದರತೈತಿ."

"ನಮ್ಮ ಮನಿ ಗ್ವಾಡಿ ಮ್ಯಾಲ ಮೊದಲ ಚಕ್ರ ತಿರಗೋ ಮೀಟರ್ ಇತ್ರೀ. ಅದರಾಗೂ ಸುರುಳಿನ?"

"ಅದರಾಗ ಎರಡು ಇರ್ತಾವ. ಒಂದು ಲೈನಿನ ವೋಲ್ಟೇಜಿಂದು, ಇನ್ನೊಂದು ನೀವು ಮನಿಯೊಳಗ ಉರಸೋ ಕರೆಂಟಿಂದು. ಎರಡೂ ಕೂಡೇ ನಡುವಿನ ಅಲ್ಯೂಮಿನಿಯಂ ಚಕ್ರ ನೂಕತಾವ. ನೀವು ಹೆಚ್ಚು ಉರಸಿದಂಗ ಅದು ಜೋರ ತಿರಗತೈತಿ."

ಮಹಾನಂದಾ ನಗಲು ಶುರುಮಾಡಿದಳು. ಚಿಕ್ಕವಳಿದ್ದಾಗ ಆ ಚಕ್ರದ ಕರಿ ಗುರುತು ಸುತ್ತಿ ಬರುವುದನ್ನು ನೋಡುತ್ತ ನಿಂತು ಅವ್ವನಿಂದ ಬೈಸಿಕೊಂಡದ್ದು ನೆನಪಾಯಿತು. ಅಂದಿನಿಂದ ಪ್ರಿಯದರ್ಶಿನಿ ಅಕ್ಕನ ಮನೆಗೆ ಬಂದಾಗಲೆಲ್ಲ ಅಂಗಡಿಗೂ ಬಂದು ಹೋಗುವಳು. ಮಹಾನಂದಾಳ ಪ್ರಶ್ನೆಗಳು ಕಾದಿರುತ್ತಿದ್ದವು.

ಅಮಾತೆಪ್ಪ ಬಂದದ್ದು ಆಮೇಲೆ. ಕೃಷ್ಣೆಯ ಹಿನ್ನೀರಿನ ದಂಡೆಯ ಊರಿನವನು. ಅವನ ದೋಣಿಗೆ ಒಂದು ಪೆಟ್ರೋಲ್ ಎಂಜಿನ್. ಈಚೆ ದಂಡೆಯ ಹೆಣ್ಣುಮಕ್ಕಳು ದಿನಾ ಅವನ ದೋಣಿಯಲ್ಲಿ ಆಚೆ ದಂಡೆಯ ಹೊಲಗಳಿಗೆ ಕೂಲಿಗೆ ಹೋಗುತ್ತಿದ್ದರು. ರಸ್ತೆ ಹಿಡಿದರೆ ಸೇತುವೆಗೆ ಸುತ್ತು ಹಾಕಿ ಹೋಗಬೇಕು, ತಲುಪುವಷ್ಟರಲ್ಲಿ ಅರ್ಧ ದಿನದ ಕೆಲಸ ಹೋಗಿರುತ್ತದೆ. ಎಂಜಿನ್ ಕೆಟ್ಟಿತ್ತು. ಹುಟ್ಟು ಹಾಕಿ ನಡೆಸೋಣವೆಂದರೆ ಹಿನ್ನೀರಿನ ಮೇಲೆ ಗಾಳಿಯ ಹೊಡೆತ. ಮೆಕ್ಯಾನಿಕ್ ಒಬ್ಬ ಎಂಜಿನ್ ಬಿಚ್ಚಿ, ಪ್ಲಗ್ಗಿಗೆ ಕಿಡಿ ಬರುತ್ತಿಲ್ಲ, ಸುರುಳಿ ಸುಟ್ಟಿದೆ, ಈ ಎಂಜಿನ್ನಿನ ಭಾಗ ಈಗ ಎಲ್ಲಿಯೂ ಸಿಗುವುದಿಲ್ಲ ಎಂದು ಕೈತೊಳೆದುಕೊಂಡಿದ್ದ. ಅಮಾತೆಪ್ಪ ಆ ಸುರುಳಿಯನ್ನು ಟವೆಲ್ಲಿನಲ್ಲಿ ಗಂಟು ಕಟ್ಟಿ ತಂದಿದ್ದ.

ಮೆಹರುನ್ನಿಸಾ ಮುಟ್ಟಿಯೂ ನೋಡಲಿಲ್ಲ. "ಕಿಡಿ ಸುರುಳಿ ನನಗ ಬರಂಗಿಲ್ಲ ತಮ್ಮಾ. ಅದು ನಮ್ಮ ಮನಿಯವರು ಮಾಡ್ತಿದ್ದರು. ಅವರ ಕೂಡ ಹೋತು ಆ ಕೆಲಸ."

ಅಮಾತೆಪ್ಪ ಗಂಟು ಕಟ್ಟತೊಡಗಿದ. ಮಹಾನಂದಾ ಕೈ ಚಾಚಿದಳು. "ಚಾಚಿ, ನಾ ಒಂದ್ ಸಲ ಬಿಚ್ಚಿ ನೋಡ್ಲೇನ್ರಿ? ಹೆಂಗಿದ್ರೂ ಸುಟ್ಟೈತಿ. ಇನ್ನ ಕೆಡಾಕ ಏನ್ ಉಳದೈತಿ?"

ಮೆಹರುನ್ನಿಸಾ ಮೇಜಿನ ಮೇಲೆ ಜಾಗ ಮಾಡಿಕೊಟ್ಟು, "ನೋಡು," ಎಂದಳು.

ಸುರುಳಿಯೊಳಗೆ ಎರಡು ಸುರುಳಿಗಳಿದ್ದವು. ಒಳಗಡೆ ದಪ್ಪ ತಂತಿಯ ಕೆಲವೇ ಸುತ್ತು. ಅದರ ಮೇಲೆ ಕೂದಲಿನಂಥ ತಂತಿ, ಪದರದ ಮೇಲೆ ಪದರ, ಸಾವಿರಗಟ್ಟಲೆ ಸುತ್ತು. ಪದರಕ್ಕೊಂದು ತೆಳು ಕಾಗದ. ಮಹಾನಂದಾ ಬಿಚ್ಚುತ್ತ ಹೇಗಿತ್ತೋ ಹಾಗೆ ಮನಸ್ಸಿನಲ್ಲಿ ಇಟ್ಟುಕೊಂಡಳು, ಹಾಗೆಯೇ ಸುತ್ತಿದಳು. ತಂತಿ ಎಷ್ಟು ತೆಳುವೆಂದರೆ ಜೋರಾಗಿ ಉಸಿರುಬಿಟ್ಟರೂ ಹರಿಯುತ್ತದೇನೋ ಎಂಬಂತಿತ್ತು. ಕೊನೆಗೆ ಒಂದು ಹಳೆಯ ಪ್ಲಗ್ಗಿಗೆ ಜೋಡಿಸಿ, ಬ್ಯಾಟರಿಯ ತಂತಿ ಮುಟ್ಟಿಸಿ ತೆಗೆದಾಗ ಪ್ಲಗ್ಗಿನ ತುದಿಯಲ್ಲಿ ಚಟ್ ಎಂದು ನೀಲಿ ಕಿಡಿ ಹಾರಿತು. ಅಮಾತೆಪ್ಪ ಕೈ ಮುಗಿದು ತೆಗೆದುಕೊಂಡು ಹೋದ.

ಮರುದಿನವೇ ಸುರುಳಿ ಹಿಡಿದು ತಿರುಗಿ ಬಂದ. ಸಿಟ್ಟಿನಿಂದ ಬಂದಿರಲಿಲ್ಲ. "ಚಾಲೂ ಆಗಿತ್ತವ್ವಾ, ಖರೇನ ಭಾಳ ಚಂದ ಓಡಿತು. ನಡುನೀರಿಗೆ ಹೋಗಿ ಎಂಜಿನ್ ಕಾದ ಮ್ಯಾಲ ಗಪ್ಪಂತ ನಿಂತು. ಹೆಣಮಕ್ಕಳೂ ಕೂಡಿ ಹುಟ್ಟು ಹಾಕಿ ದಂಡಿಗೆ ತಂದ್ರು."

ಮಹಾನಂದಾಳ ಮುಖ ಬಾಡಿತು. ದೋಣಿ ತುಂಬ ಜನ, ನಡುನೀರು, ತಾನು ಸುತ್ತಿದ ಸುರುಳಿ. ಅವಳಿಗೆ ಆ ದಿನ ಊಟ ಸೇರಲಿಲ್ಲ. ಮರುದಿನ ಬೆಳಗ್ಗೆ ಸುರುಳಿಯನ್ನು ಚೀಲದಲ್ಲಿಟ್ಟುಕೊಂಡು, ಅಮೀನಗಡ, ಕಮತಗಿ ದಾಟಿ ಹೋಗುವ ಬಾಗಲಕೋಟೆಯ ಬಸ್ಸು ಹತ್ತಿದಳು.

ಪ್ರಿಯದರ್ಶಿನಿ ಪಾಠ ಮುಗಿಸಿ ಬಂದು ಲ್ಯಾಬಿನ ಬಾಗಿಲು ತೆರೆದಳು. ಇಬ್ಬರೂ ಕೂತು ಸುರುಳಿಯನ್ನು ಪದರ ಪದರವಾಗಿ ಬಿಚ್ಚಿದರು. ಒಳಗೆಲ್ಲೋ ಕಾಗದದಲ್ಲಿ ಸಾಸಿವೆಗಿಂತ ಸಣ್ಣ ಕರಿ ತೂತು ಸಿಕ್ಕಿತು.

"ಇಲ್ಲೇ ನೋಡು. ಕಿಡಿ ಪ್ಲಗ್ಗಿಗೆ ಹೋಗೋ ಬದ್ಲಿ ಒಳಗ ಹಾರೇತಿ."

"ಒಳಗ ಯಾಕ ಹಾರತೈತ್ರಿ?"

"ಮೀಟರಿನ್ಯಾಗ ಕರೆಂಟು ಸುರುಳಿನ್ನ ತಿರುವತೈತಿ ಅಂದಿದ್ನಲ್ಲ, ಇಲ್ಲಿ ಅದು ಉಲ್ಟಾ. ಎಂಜಿನ್ನಿನ ಚಕ್ರದಾಗ ಅಯಸ್ಕಾಂತ ಐತಿ. ಅದು ಸುರುಳಿ ಮುಂದ ಹಾದು ಹೋದಾಗೊಮ್ಮೆ ದಪ್ಪ ತಂತಿಯೊಳಗ ಕರೆಂಟು ಹುಟ್ಟತೈತಿ. ಅದು ಜೋರ ಹರಿಯೂ ಹೊತ್ತಿನ್ಯಾಗ ಪಾಯಿಂಟು ಅನ್ನೂ ಸಣ್ಣ ಸ್ವಿಚ್ಚು ತಟಕ್ಕನ ಅದನ್ನ ಕಡೀತೈತಿ. ನಮ್ಮಪ್ಪನ ಹೊಲದಾಗ ನೀರು ಹರಿಯೂ ಪೈಪಿನ ವಾಲ್ವ್ ಒಮ್ಮೆಲೆ ಮುಚ್ಚಿದ್ರ ಪೈಪು ಒದೀತಿತ್ತು, ನೀನೂ ಎಲ್ಲ್ಯಾರ ಕಂಡಿರಬೇಕು. ಹಂಗ ಇದೂ ಒದೀತೈತಿ. ಆ ಒದ್ದಿದ್ದು ಸಣ್ಣ ತಂತಿಯ ಒಂದೊಂದು ಸುತ್ತಿಗೂ ತಟ್ಟಿ, ಎಲ್ಲಾ ಕೂಡಿ ಸಾವಿರಾರು ವೋಲ್ಟ್ ಆಗತೈತಿ. ಅಷ್ಟು ವೋಲ್ಟಿಗೆ ಎಲ್ಲಿ ಸಂದಿ ಸಿಗತೈತೋ ಅಲ್ಲೇ ಹಾರತೈತಿ."

"ಸಂದಿ ಎಲ್ಲೈತ್ರಿ? ನಾ ಗಟ್ಟಿ ಸುತ್ತೇನಲ್ಲ."

"ನೀ ಭಾಳ ಛಲೋ ಸುತ್ತೀದಿ. ಆದ್ರೂ ಎಳಿ ಎಳಿ ನಡುವ, ಕಾಗದದ ಕೆಳಗ ಗಾಳಿ ಉಳದಿರತೈತಿ. ಆ ಗಾಳಿ ಹೊರಗ ತಗದು, ಕಿಡಿ ದಾಟದಂಥಾದ್ದು ಏನಾರ ತುಂಬಬೇಕು. ಫ್ಯಾಕ್ಟರಿಯೊಳಗ ಯಂತ್ರ ಹಚ್ಚಿ ಗಾಳಿ ಎಳದು ರಾಳ ತುಂಬತಾರ. ಮತ್ತ ಪದರಿನ ಎರಡೂ ಕಡೆ ಕಾಗದ ಹೊರಗ ಉಳಿಯೂ ಹಂಗ ಅಂಚು ಬಿಡಬೇಕು." ಪ್ರಿಯದರ್ಶಿನಿ ಸುರುಳಿಯನ್ನು ಮೇಜಿನ ಮೇಲಿಟ್ಟು ನಿಟ್ಟುಸಿರುಬಿಟ್ಟಳು. "ಆ ಯಂತ್ರ ಇಲ್ಲದ ಅಂಗಡಿಯೊಳಗ ಹ್ಯಾಂಗ ಮಾಡೋದು ಅನ್ನೋದು ನನಗೂ ಗೊತ್ತಿಲ್ಲವಾ. ಹುಡಕತೇನಿ. ನೀ ಹೋಗಿ ಅಂಚು ಬಿಟ್ಟು ಸುತ್ತಾಕ ಹತ್ತು."

ಮಧ್ಯಾಹ್ನದ ಊಟದ ಹೊತ್ತಿಗೆ ಮಹಾನಂದಾ ಹುನಗುಂದಕ್ಕೆ ಮರಳಿದಳು. ಡಬ್ಬಿ ಬಿಚ್ಚುತ್ತ ಎಲ್ಲವನ್ನೂ ಮೆಹರುನ್ನಿಸಾಗೆ ಹೇಳಿದಳು. ಗಾಳಿ ಹೊರಗೆ ಹಾಕಬೇಕು, ಏನಾದರೂ ತುಂಬಬೇಕು ಎಂಬಲ್ಲಿಗೆ ಬಂದಾಗ ಮೆಹರುನ್ನಿಸಾಳ ಕೈಯ ರೊಟ್ಟಿ ಬಾಯಿಗೆ ಹೋಗದೆ ನಿಂತಿತು.

"ಮೇಣ," ಎಂದಳು.

"ಏನ್ರಿ?"

"ಮೇಣ ತುಂಬತಿದ್ರು. ಯಾ ಅಲ್ಲಾ! ನನ್ನ ಹಾಲಿನ ಪಾತೇಲಿ!"

ಆಮೇಲೆ ಮಾತು ಒಂದೇ ಸಮನೆ ಬಂತು. ದಾವಲಸಾಬ ಕಿಡಿ ಸುರುಳಿ ಮಾಡಿದಾಗಲೆಲ್ಲ ಅಡಿಗೆಮನೆಗೆ ನುಗ್ಗಿ, ಹಾಲು ಕಾಯಿಸುವ ಪಾತ್ರೆಯಲ್ಲಿ ಮೇಣ ಕರಗಿಸಿ, ಸುರುಳಿಯನ್ನು ಅದರಲ್ಲಿ ಮುಳುಗಿಸುತ್ತಿದ್ದನಂತೆ. ಅವಳು ಪಾತ್ರೆ ಹಾಳಾಯಿತೆಂದು ಕೂಗಾಡಿ ಮನೆ ಒಂದು ಮಾಡುತ್ತಿದ್ದಳಂತೆ. ಅವನು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತೇ ಇರುತ್ತಿದ್ದನಂತೆ.

"ಏನ್ ನೋಡ್ತಿದ್ರು ಚಾಚಿ? ನೆನಪ ಮಾಡ್ಕೊರ್ರಿ."

ಮೆಹರುನ್ನಿಸಾ ಕಣ್ಣು ಮುಚ್ಚಿದಳು. "ಗುಳ್ಳಿ. ಸುರುಳಿಯಿಂದ ಸಣ್ಣ ಸಣ್ಣ ಗುಳ್ಳಿ ಏಳ್ತಿದ್ವು. ನಾ ಬ್ಯಾಳಿ ಇಡಬೇಕು, ಏಳ್ರಿ ಅಂದ್ರ, ಇನ್ನೂ ಗುಳ್ಳಿ ಏಳಾಕತ್ತಾವ ತಡಿ ಅಂತಿದ್ರು. ಗುಳ್ಳಿ ನಿಂತ ಮ್ಯಾಲೂ ಹೊರಗ ತಗೀತಿರಲಿಲ್ಲ. ಒಲಿ ಆರಿಸಿ, ಮೇಣ ಇನ್ನೇನ ಹೆಪ್ಪಗಟ್ಟತೈತಿ ಅನ್ನೂ ಮಟ ಒಳಗ ಬಿಟ್ಟು ಕೂಡತಿದ್ರು. ಅದಕ್ಕ ನನಗ ಇನ್ನಷ್ಟು ಸಿಟ್ಟು."

ಮಹಾನಂದಾ ಎದ್ದು ನಿಂತಳು. ಗುಳ್ಳೆಯೆಂದರೆ ಹೊರಬರುವ ಗಾಳಿ. ಮೇಣ ಆರುವಾಗ ಗಾಳಿ ಬಿಟ್ಟುಹೋದ ಸಂದುಗಳನ್ನು ಮೇಣವೇ ಹೊಕ್ಕು ಕೂರುತ್ತದೆ. ಬೆಳಗ್ಗೆ ಪ್ರಿಯದರ್ಶಿನಿ ಗೊತ್ತಿಲ್ಲವೆಂದದ್ದಕ್ಕೆ ದಾವಲಸಾಬ ಈ ಅಡಿಗೆಮನೆಯಲ್ಲಿ ಎಂದೋ ಉತ್ತರ ಕಂಡುಕೊಂಡಿದ್ದ. ಫೋನು ಹಚ್ಚಿ ಹೇಳಿದಾಗ ಆಚೆಯಿಂದ ಪ್ರಿಯದರ್ಶಿನಿ ಖುಷಿಯಿಂದ ಕೂಗಿಯೇಬಿಟ್ಟಳು.

ಮೆಹರುನ್ನಿಸಾ ಒಳಗೆ ಹೋಗಿ ಹೊಳೆಯುವ ಒಂದು ಸ್ಟೀಲ್ ಪಾತೇಲಿ ತಂದು ಮಹಾನಂದಾಳ ಕೈಗೆ ಕೊಟ್ಟಳು.

"ಹೊಸಾದು ಐತ್ರಲ್ಲ ಚಾಚಿ!"

"ಇರವಲ್ದ್ಯಾಕ. ಇದೂ ಹಾಳಾಗ್ಲಿ," ಎಂದಳು ಮೆಹರುನ್ನಿಸಾ.

ಈ ಸಲ ಮಹಾನಂದಾ ಪ್ರತಿ ಪದರಕ್ಕೂ ಸೀರೆಗೆ ಅಂಚು ಬಿಟ್ಟ ಹಾಗೆ ಎರಡೂ ಕಡೆ ಕಾಗದ ಬಿಟ್ಟು ಸುತ್ತಿದಳು. ಮೇಣ ಕರಗಿತು. ಸುರುಳಿ ಮುಳುಗಿದ ಕೂಡಲೇ ಅದರ ಸಂದುಗಳಿಂದ ಗುಳ್ಳೆಗಳ ಸಾಲು ಎದ್ದಿತು. ಇಬ್ಬರೂ ಒಲೆಯ ಮುಂದೆ ಕೂತು ನೋಡಿದರು. ಬರಬರುತ್ತ ಗುಳ್ಳೆ ವಿರಳವಾದವು, ಆಮೇಲೆ ನಿಂತವು. ಮಹಾನಂದಾ ಇಕ್ಕಳ ಹಿಡಿದು ಎತ್ತಲು ಹೋದಾಗ ಮೆಹರುನ್ನಿಸಾ ಅವಳ ಮಣಿಕಟ್ಟು ಹಿಡಿದಳು. "ತಡಿ. ಅವರು ಇನ್ನೂ ತಡೀತಿದ್ರು."

ಎಂಜಿನ್ನಿಗೆ ಸುರುಳಿ ಹಾಕುವ ದಿನ ಇಬ್ಬರೂ ದಂಡೆಗೇ ಹೋದರು. ನೀರಿಗಿಳಿಸುವ ಮುಂಚೆ ಎಂಜಿನ್ ಚೆನ್ನಾಗಿ ಕಾಯುವ ತನಕ ದಂಡೆಯ ಮೇಲೆಯೇ ಓಡಿಸಬೇಕೆಂದು ಮಹಾನಂದಾ ಹಟ ಹಿಡಿದಳು. ಅಮಾತೆಪ್ಪ ಹಗ್ಗ ಜಗ್ಗಿದ, ಎಂಜಿನ್ ಹೊಗೆ ಉಗುಳಿ ಎದ್ದಿತು. ಕೂಲಿಯ ಹೆಣ್ಣುಮಕ್ಕಳು ಬುತ್ತಿಗಂಟು ಹಿಡಿದು ಸುತ್ತ ನಿಂತರು. ಅವರಲ್ಲಿ ಹಿರಿಯಳಾದ ಪದ್ಮವ್ವ ಎಂಬಾಕೆ ಮಹಾನಂದಾಳ ಹತ್ತಿರ ಬಂದು, "ಅಂವಾ ಹಗ್ಗ ಜಗ್ಗೂದು, ನಾವು ಕೈ ಮುಗಿಯೂದು, ಇದ ಆಗಿತ್ತವ್ವಾ ಈ ವಾರ," ಎಂದು ನಗಿಸಿದಳು. ಎಂಜಿನ್ನಿನ ಮೈ ಕೈಯಿಟ್ಟರೆ ಸುಡುವಷ್ಟು ಕಾಯಿತು. ಸದ್ದು ಒಂದಿಷ್ಟೂ ತಪ್ಪಲಿಲ್ಲ. ಮಹಾನಂದಾ ಆಮೇಲೆಯೇ ತಲೆಯಾಡಿಸಿದಳು.

"ನೀವೂ ಹತ್ರಿ," ಎಂದ ಅಮಾತೆಪ್ಪ. "ಮಾಡಿದವರು ಕೂತ್ರ ನಮಗೂ ಧೈರ್ಯ."

ಮೆಹರುನ್ನಿಸಾ ದೋಣಿ ಹತ್ತಿದ್ದು ಅದೇ ಮೊದಲು. ಮಹಾನಂದಾಳ ತೋಳನ್ನು ಬಿಗಿಯಾಗಿ ಹಿಡಿದು ಕೂತಳು. ಹೋದ ಸಲ ಎಂಜಿನ್ ನಿಂತ ಜಾಗ ಬಂದಾಗ ದೋಣಿಯ ಮಾತೆಲ್ಲ ನಿಂತಿತು. ಎಂಜಿನ್ ಮಾತ್ರ ಹಾಗೆಯೇ ಬಡಿದುಕೊಳ್ಳುತ್ತ ಆ ಜಾಗ ದಾಟಿತು. ಪದ್ಮವ್ವ ಯಾರದೋ ಬೆನ್ನಿಗೆ ಗುದ್ದಿ ಜೋರಾಗಿ ನಕ್ಕಳು, ಮತ್ತೆ ಎಲ್ಲರೂ ಮಾತಿಗೆ ತೊಡಗಿದರು.

"ಎಷ್ಟ ಬೈದೀನಿ ಅವರಿಗೆ ಆ ಪಾತೇಲಿ ಸಲುವಾಗಿ," ಎಂದಳು ಮೆಹರುನ್ನಿಸಾ, ನೀರು ನೋಡುತ್ತ.

"ಬೈದಿದ್ದಕ್ಕ ನೆನಪ ಉಳದೈತಿ ನೋಡ್ರಿ ಚಾಚಿ. ಸುಮ್ಮ ಇದ್ದಿದ್ರ ಮರತು ಹೋಗ್ತಿತ್ತು."

ಮೆಹರುನ್ನಿಸಾ ಅವಳ ಮುಖ ನೋಡಿದಳು. ಆಮೇಲೆ ಸೆರಗು ಬಾಯಿಗೆ ಅಡ್ಡ ಹಿಡಿದು ನಗತೊಡಗಿದಳು. ನಗುತ್ತಲೇ ಕಣ್ಣಿನಲ್ಲಿ ನೀರು ಬಂತು. ಅದನ್ನು ಒರೆಸಿಕೊಳ್ಳಲಿಲ್ಲ.

ಈಗ ಆ ಅಂಗಡಿಗೆ ಐಹೊಳೆಯ ಕಡೆಯಿಂದ ಔಷಧ ಹೊಡೆಯುವ ಪಂಪಿನ ಎಂಜಿನ್ನುಗಳು ಬರುತ್ತವೆ, ಬಾದಾಮಿಯಿಂದ ಜನರೇಟರಿನ ಸುರುಳಿಗಳು ಬರುತ್ತವೆ. ಮೆಹರುನ್ನಿಸಾಳ ಕಣ್ಣಿಗೆ ಸಣ್ಣ ತಂತಿ ಕಾಣುವುದಿಲ್ಲ, ಆದರೆ ಮೇಣದ ಪಾತ್ರೆಯ ಮುಂದೆ ಕೂರುವ ಕೆಲಸ ಇವತ್ತಿಗೂ ಅವಳದೇ. ಪ್ರಿಯದರ್ಶಿನಿ ತನ್ನ ವಿದ್ಯಾರ್ಥಿಗಳಿಗೆ ಆ ಪಾಠ ಬಂದಾಗ ದಾವಲಸಾಬನ ಹೆಸರು ಹೇಳಿಯೇ ಮೇಣದ ವಿಷಯ ಹೇಳುತ್ತಾಳೆ. ಇದನ್ನು ಕೇಳಿದ ದಿನ ಮೆಹರುನ್ನಿಸಾ ಓಣಿಗೆಲ್ಲ ರಂಜಾನಿನ ಪಾಯಸ ಶೀರಖುರ್ಮಾ ಹಂಚಿದಳು, ಹಬ್ಬ ಹತ್ತಿರವಿರಲಿಲ್ಲ, ಯಾರೂ ಯಾಕೆಂದು ಕೇಳಲಿಲ್ಲ.

ಸಂಜೆ ಮಹಾನಂದಾ ಇಳಕಲ್ ಬಸ್ಸಿಗೆ ಹೊರಡುವಾಗ ಮೆಹರುನ್ನಿಸಾ ಬಾಗಿಲ ತನಕ ಬಂದು ನಿಲ್ಲುತ್ತಾಳೆ. "ಹುಷಾರಾಗಿ ಹೋಗವಾ," ಎನ್ನುತ್ತಾಳೆ. ಓಣಿಯ ತಿರುವು ದಾಟುವ ತನಕ ಬಾಗಿಲು ಹಾಕಿಕೊಂಡ ಸದ್ದು ಮಹಾನಂದಾಗೆ ಒಂದು ದಿನವೂ ಕೇಳಿಲ್ಲ.